ನಗರದ ಆಯವ್ಯಯ: ಓದುವ ಬಗೆ, ಪ್ರಶ್ನಿಸುವ ಬಗೆ

ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ ಬರಲಿರುವ ಹಣ ಹಾಗೂ ಮಾಡಲಿರುವ ವೆಚ್ಚದ ಅಂದಾಜೇ ಪಾಲಿಕೆಯ ಆಯವ್ಯಯ. ಸುದ್ದಿಯಲ್ಲಿ ಎದ್ದು ಕಾಣುವುದು ‘ಉಳಿತಾಯ ಬಜೆಟ್’ ಎಂಬ ಮಾತು. ಆದರೆ ಆಸ್ತಿ ತೆರಿಗೆಯ ವಸೂಲಿಯನ್ನು ಹಿಗ್ಗಿಸಿ ಅಂದಾಜಿಸಿದರೆ ಕಾಗದದ ಮೇಲೆ ಉಳಿತಾಯ ತಾನಾಗಿ ಮೂಡುತ್ತದೆ. ಹಣ ಬಾರದಿದ್ದಾಗ ನಿಲ್ಲುವುದು ಬಡಾವಣೆಯ ಚರಂಡಿ, ಬೀದಿದೀಪದ ಕಾಮಗಾರಿ.

ಓದುವುದು ಹೇಗೆ?

ಹಿಂದಿನ ವರ್ಷದ ವಾಸ್ತವ ಲೆಕ್ಕ, ಚಾಲ್ತಿ ವರ್ಷದ ಪರಿಷ್ಕೃತ ಅಂದಾಜು, ಬರುವ ವರ್ಷದ ಅಂದಾಜು - ಈ ಮೂರನ್ನೂ ಹೋಲಿಸಬೇಕು. 20 ಕೋಟಿ ರೂ. ವಸೂಲಾದ ತೆರಿಗೆಗೆ 35 ಕೋಟಿ ಅಂದಾಜಿಸಿದ್ದರೆ, ಉಳಿದ 15 ಕೋಟಿಯ ಮೂಲ ಯಾವುದೆಂದು ಕೇಳಬೇಕು.

ಸಂಬಳ, ವಿದ್ಯುತ್ ಬಿಲ್ಲು, ದುರಸ್ತಿ ರಾಜಸ್ವ ಪಾವತಿಗಳು. ಹೊಸ ರಸ್ತೆ, ಕಟ್ಟಡ ಬಂಡವಾಳ ಪಾವತಿಗಳು. ತೆರಿಗೆಯೊಡನೆ ಸಂಗ್ರಹವಾಗುವ ಗ್ರಂಥಾಲಯ ಕರ ಪಾಲಿಕೆಯ ಸ್ವಂತ ಆದಾಯವಲ್ಲ. ಅದು ಗ್ರಂಥಾಲಯ ಪ್ರಾಧಿಕಾರಕ್ಕೆ ಸಲ್ಲಬೇಕಾದುದು.

ಪ್ರಶ್ನಿಸುವುದು ಹೇಗೆ?

ಮಂಡನೆಗೆ ಮುನ್ನ ಪಾಲಿಕೆಗಳು ಕರೆಯುವ ಪೂರ್ವಭಾವಿ ಸಭೆ ಸೂಕ್ತ ವೇದಿಕೆ. ಅನಂತರ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂ. ಶುಲ್ಕ ಸಲ್ಲಿಸಿ ವಾರ್ಡಿನ ಕಾಮಗಾರಿ ಪಟ್ಟಿ, ಗುತ್ತಿಗೆದಾರರ ಬಾಕಿ ಬಿಲ್ಲು, ಲೆಕ್ಕಪರಿಶೋಧನಾ ವರದಿಗಳನ್ನು ಕೇಳಬಹುದು. ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಮುಂದಿನ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬೇಕು.

ಇದಕ್ಕೆ ಪೂರ್ವನಿದರ್ಶನವೂ ಉಂಟು: 2002ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ‘ಪ್ರೂಫ್’ ಅಭಿಯಾನವು ಪಾಲಿಕೆಯ ಲೆಕ್ಕವನ್ನು ಮೂರು ತಿಂಗಳಿಗೊಮ್ಮೆ ಸಾರ್ವಜನಿಕರ ಮುಂದಿಡುವಂತೆ ಕೋರಿತ್ತು.