ಬೋರ್‌ವೆಲ್ ನೀರು ಕುದಿಸಿದರೆ ಫ್ಲೋರೈಡ್ ಹೋಗುತ್ತದೆಯೇ? ಬಿಸಿಲಿಗೆ ಇಟ್ಟರೆ?

ಗಡಸು ನೀರು ಬರುವ ಮನೆಗಳಲ್ಲಿ ದಿನಾ ನೀರು ಕಾಯಿಸುವ ಪಾತ್ರೆಯ ತಳ ನೋಡಿ. ಸುಣ್ಣ ಬಳಿದಂತೆ ಬಿಳಿ ಪದರ ಕಟ್ಟಿರುತ್ತದೆ. ಬದನಗುಪ್ಪೆಯಿಂದ ಗುಂಡ್ಲುಪೇಟೆವರೆಗೆ ಬೋರ್‌ವೆಲ್ ನೀರು ಕುಡಿದು ಬೆಳೆದವರಿಗೆ ಇದು ಹೊಸದಲ್ಲ. ಕುದಿಸಿದಾಗ ಫ್ಲೋರೈಡ್ ತಳದಲ್ಲಿ ಕೂತಿತು, ಮೇಲಿನ ನೀರು ಶುದ್ಧವಾಯಿತು ಎಂದು ಹಲವರು ನಂಬಿದ್ದಾರೆ. ನೀರಿನ ಬಾಟಲಿಯನ್ನು ಬಿಸಿಲಿಗೆ ಇಟ್ಟರೆ ಸಾಕು, ಯಾವ ಫಿಲ್ಟರೂ ಬೇಡ ಎನ್ನುವ ಮಾತೂ ಇದೆ.

ಎರಡೂ ಅರ್ಧ ನಿಜ. ಆ ಇನ್ನರ್ಧದಲ್ಲಿ ನಿಮ್ಮ ಮಕ್ಕಳ ಹಲ್ಲಿನ ಪ್ರಶ್ನೆ ಇದೆ.

ಪಾತ್ರೆಯ ತಳದ ಬಿಳಿ ಪದರ ಏನು?

ಅದು ಹೆಚ್ಚಾಗಿ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣದ ಕಲ್ಲಿನ ಅಂಶ. ನೀರಿನಲ್ಲಿ ಕರಗಿದ್ದ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕುದಿದಾಗ ಒಡೆದು ಹೀಗೆ ತಳಕ್ಕೆ ಇಳಿಯುತ್ತದೆ. ನೀರಿನ ಗಡಸುತನ ಸ್ವಲ್ಪ ಕಡಿಮೆಯಾಗುವುದು ನಿಜ. ಆದರೆ ಫ್ಲೋರೈಡ್ ಬಹುಪಾಲು ಹಾಗೇ ಕರಗಿಕೊಂಡೇ ಇರುತ್ತದೆ. ಅದು ಆವಿಯಾಗಿ ಹೋಗುವ ವಸ್ತುವೂ ಅಲ್ಲ. ಆವಿಯಾಗುವುದು ನೀರು ಮಾತ್ರ.

ಲೆಕ್ಕ ಹಾಕಿ ನೋಡಿ. ಲೀಟರಿಗೆ 2 ಮಿಲಿಗ್ರಾಂ ಫ್ಲೋರೈಡ್ ಇರುವ 2 ಲೀಟರ್ ನೀರಿನಲ್ಲಿ ಒಟ್ಟು 4 ಮಿಲಿಗ್ರಾಂ ಇರುತ್ತದೆ. ಕುದಿದು ಒಂದೂವರೆ ಲೀಟರ್ ಉಳಿದರೆ ಅಷ್ಟೇ ಫ್ಲೋರೈಡ್ ಕಡಿಮೆ ನೀರಿನಲ್ಲಿ ಉಳಿದಂತಾಯಿತು, ಲೀಟರಿಗೆ ಸುಮಾರು 2.7 ಮಿಲಿಗ್ರಾಂ. ಹೆಚ್ಚು ಹೊತ್ತು ಕುದಿಸಿದಷ್ಟೂ ಫ್ಲೋರೈಡಿನ ಪ್ರಮಾಣ ಏರುತ್ತದೆ. ಭಾರತೀಯ ಮಾನಕ ಬ್ಯೂರೋ 2012ರಲ್ಲಿ ಪ್ರಕಟಿಸಿದ ಮಾನದಂಡದಂತೆ ಲೀಟರಿಗೆ 1 ಮಿಲಿಗ್ರಾಂವರೆಗೆ ತೊಂದರೆ ಇಲ್ಲ. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು.

ಹಾಗಂತ ಕುದಿಸುವುದನ್ನು ಬಿಡಬೇಡಿ. ವಾಂತಿಭೇದಿ, ಟೈಫಾಯಿಡ್, ಕಾಮಾಲೆ ತರುವ ಸೂಕ್ಷ್ಮಾಣುಗಳಿಗೆ ಕುದಿಸುವುದೇ ನಂಬಿಕೆಯ ಮದ್ದು. ನೀರು ಗುಳುಗುಳು ಕುದಿಯತೊಡಗಿದ ಮೇಲೆ ಒಂದು ನಿಮಿಷ ಸಾಕು. ಅರ್ಧ ಗಂಟೆ ಸೌದೆ ಉರಿಸಬೇಕಿಲ್ಲ.

ನಮ್ಮ ಕಡೆ ಫ್ಲೋರೈಡ್ ಏಕೆ?

ಯಾವ ಕಾರ್ಖಾನೆಯೂ ಸುರಿದದ್ದಲ್ಲ, ನೆಲದ ಗುಣ. ಚಾಮರಾಜನಗರದ ಕರಿಕಲ್ಲು ದೇಶದಾಚೆಗೂ ಹೆಸರುವಾಸಿ. ಜಿಲ್ಲೆಯ ಅಡಿಪಾಯವೇ ಗಟ್ಟಿ ಬಂಡೆ. ಇಂಥ ಬಂಡೆಗಳ ಕೆಲವು ಖನಿಜಗಳಲ್ಲಿ ಫ್ಲೋರೈಡ್ ಇರುತ್ತದೆ. ಬಂಡೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತ ನೀರು ಅದನ್ನು ಕರಗಿಸಿಕೊಳ್ಳುತ್ತದೆ. ಫ್ಲೋರೈಡ್ ಮಿತಿ ಮೀರಿದ ಅಂತರ್ಜಲ ಇರುವ ಕರ್ನಾಟಕದ ಜಿಲ್ಲೆಗಳ ಪಟ್ಟಿಯಲ್ಲಿ ಕೇಂದ್ರ ಅಂತರ್ಜಲ ಮಂಡಳಿ ಚಾಮರಾಜನಗರವನ್ನೂ ಸೇರಿಸಿದೆ. ಎಲ್ಲ ಬೋರ್‌ವೆಲ್‌ಗಳೂ ಕೆಟ್ಟವು ಎಂದು ಇದರರ್ಥವಲ್ಲ. ಒಂದೇ ಊರಿನ ಎರಡು ಬೋರ್‌ವೆಲ್‌ಗಳ ನೀರು ಬೇರೆ ಬೇರೆ ಇರಬಹುದು. ರುಚಿ, ಬಣ್ಣ, ವಾಸನೆಯಿಂದ ಇದು ಗೊತ್ತಾಗುವುದಿಲ್ಲ.

ಹೆಚ್ಚು ತೊಂದರೆ ಮಕ್ಕಳಿಗೆ. ಸುಮಾರು 8 ವರ್ಷದೊಳಗೆ, ಶಾಶ್ವತ ಹಲ್ಲುಗಳು ಒಸಡಿನೊಳಗೆ ರೂಪುಗೊಳ್ಳುವಾಗ ಫ್ಲೋರೈಡ್ ಹೆಚ್ಚಾದರೆ ಹಲ್ಲಿನ ಮೇಲೆ ಬಿಳಿ ಮಚ್ಚೆ, ಕಂದು ಗೆರೆ ಮೂಡುತ್ತವೆ. ಅವು ಉಜ್ಜಿದರೆ ಹೋಗುವ ಕಲೆಗಳಲ್ಲ. ಪ್ರಮಾಣ ಇನ್ನೂ ಹೆಚ್ಚಿದ್ದು, ಹಲವು ವರ್ಷ ಅದೇ ನೀರು ಕುಡಿದರೆ ಬೆನ್ನು, ಕೀಲುಗಳು ಸೆಟೆದುಕೊಳ್ಳುತ್ತವೆ.

ಬಿಸಿಲು ಏನು ಮಾಡಬಲ್ಲದು?

ಬಾಟಲಿಯ ವಿಷಯ ಸುಳ್ಳಲ್ಲ. ತಿಳಿಯಾದ ನೀರನ್ನು ಬಣ್ಣವಿಲ್ಲದ ಪಾರದರ್ಶಕ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿ 6 ಗಂಟೆ ಒಳ್ಳೆ ಬಿಸಿಲಿಗೆ ಮಲಗಿಸಿಟ್ಟರೆ, ನೇರಳಾತೀತ ಕಿರಣಗಳಿಗೆ ಬಹುತೇಕ ರೋಗಾಣುಗಳು ಸಾಯುತ್ತವೆ. ಮೋಡ ಮುಸುಕಿದ್ದರೆ 2 ದಿನ ಬೇಕು. ನೀರು ಮಣ್ಣುಮಣ್ಣಾಗಿದ್ದರೆ ಮೊದಲು ಸೋಸಿಕೊಳ್ಳಬೇಕು. ಈ ಪದ್ಧತಿಯನ್ನು ಸ್ವಿಟ್ಜರ್ಲೆಂಡಿನ ಈವಾಗ್ ಎಂಬ ಸಂಶೋಧನಾ ಸಂಸ್ಥೆ ಹಲವು ದೇಶಗಳಲ್ಲಿ ಪ್ರಚಾರ ಮಾಡಿದೆ. ಆದರೆ ಇಲ್ಲೂ ಫ್ಲೋರೈಡ್ ಇದ್ದಷ್ಟೇ ಇರುತ್ತದೆ.

ಫ್ಲೋರೈಡ್ ಬಿಡಿಸಲು ಬಿಸಿಲಿನಿಂದ ನೀರನ್ನು ಆವಿ ಮಾಡಿ, ಆ ಆವಿಯನ್ನು ಗಾಜಿನ ಮೇಲೆ ಹನಿಗಟ್ಟಿಸಿ ಹಿಡಿಯಬಹುದು. ಒಂದು ಚದರ ಮೀಟರ್ ಗಾಜಿನ ಪೆಟ್ಟಿಗೆಯಿಂದ ದಿನಕ್ಕೆ ಸಿಗುವುದು ಸುಮಾರು 3ರಿಂದ 4 ಲೀಟರ್. ಒಬ್ಬರಿಗೆ ಕುಡಿಯಲು ಸಾಕು, ಊರಿಗೆ ಸಾಲದು.

ಊರಿನ ಮಟ್ಟದಲ್ಲಿ ಸೋಲಾರ್ ನಿಜವಾಗಿ ಗೆಲ್ಲುವುದು ಪಂಪಿನಲ್ಲಿ. ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟದ ಕಾಡಿನ ಸೋಲಿಗರ ಪೋಡುಗಳಂಥ ಕಡೆ ಕಂಬ ನೆಟ್ಟು ತಂತಿ ಎಳೆಯುವುದು ಸುಲಭವಲ್ಲ. ಅಂಥಲ್ಲಿ ಸುಮಾರು 3 ಕಿಲೋವಾಟ್ ಪ್ಯಾನೆಲ್ ಇದ್ದರೆ 3 ಎಚ್‌ಪಿ ಪಂಪು ಓಡುತ್ತದೆ. ರಾತ್ರಿ ಏನು ಮಾಡುವುದು ಎಂದು ಕೇಳುವವರುಂಟು. ಹಗಲೆಲ್ಲ ತೊಂಬೆ ತುಂಬಿಸಿಟ್ಟರೆ ಆಯಿತು, ದುಬಾರಿ ಬ್ಯಾಟರಿಯ ಕೆಲಸವನ್ನು ತೊಂಬೆಯೇ ಮಾಡುತ್ತದೆ. ಆದರೆ ಪಂಪು ಮೇಲೆತ್ತುವುದು ನೆಲದಲ್ಲಿರುವ ನೀರನ್ನೇ. ಸೋಲಾರ್ ಎಂದ ಮಾತ್ರಕ್ಕೆ ಅದು ಶುದ್ಧ ನೀರಾಗುವುದಿಲ್ಲ.

ನಾಣ್ಯ ಹಾಕಿದರೆ ಬಿಂದಿಗೆ, ಕ್ಯಾನ್ ತುಂಬುವ ಶುದ್ಧ ಕುಡಿಯುವ ನೀರಿನ ಘಟಕಗಳಲ್ಲಿ ಸಾಮಾನ್ಯವಾಗಿ ಆರ್‌ಒ ಯಂತ್ರ ಇರುತ್ತದೆ. ಅದರ ಪೊರೆ ಫ್ಲೋರೈಡನ್ನು ಬಹುಪಾಲು ತಡೆಯುತ್ತದೆ, ಅದನ್ನು ಸೋಲಾರ್‌ನಲ್ಲೂ ಓಡಿಸಬಹುದು. ನಮ್ಮ ಅಭಿಪ್ರಾಯದಲ್ಲಿ ಘಟಕ ಉದ್ಘಾಟನೆಯಾದ ದಿನಕ್ಕಿಂತ ಪೊರೆ ಬದಲಿಸಿದ ದಿನ ದೊಡ್ಡದು. ಸವೆದ ಪೊರೆಯಿಂದ ಬರುವ ನೀರೂ ನೋಡಲು ತಿಳಿಯಾಗಿಯೇ ಇರುತ್ತದೆ. ಪೊರೆ ಯಾವಾಗ ಬದಲಿಸಿದಿರಿ ಎಂದು ಕೇಳಿ. ಘಟಕ ಹೊರಬಿಡುವ ತ್ಯಾಜ್ಯ ನೀರಿನಲ್ಲಿ ಉಪ್ಪು, ಫ್ಲೋರೈಡ್ ಎರಡೂ ಹೆಚ್ಚು. ಅದನ್ನು ದನಕರುಗಳಿಗೆ ಕುಡಿಸಬೇಡಿ, ಬೋರ್‌ವೆಲ್ ಪಕ್ಕ ಇಂಗಿಸಬೇಡಿ.

ಟಿಡಿಎಸ್ ಪೆನ್ನು ಹೇಳುವುದನ್ನು ನಂಬಬಹುದೇ?

ಅದು ಕರಗಿದ ಉಪ್ಪುಗಳ ಒಟ್ಟು ಅಂದಾಜು ಕೊಡುತ್ತದೆ, ಅಷ್ಟೇ. ಫ್ಲೋರೈಡ್ ಎಷ್ಟು, ರೋಗಾಣು ಇದೆಯೇ ಎಂದು ಹೇಳಲಾರದು. ನೀರಿಗೆ ಸರಳು ಇಳಿಸಿ ಕರೆಂಟ್ ಹರಿಸಿ, ಕಂದು ಬಣ್ಣ ಬಂದಾಗ 'ನೋಡಿ ಎಷ್ಟು ಕೊಳೆ' ಎನ್ನುವ ಮಾರಾಟಗಾರರ ಆಟ ಬೇರೆಯೇ. ಆ ಬಣ್ಣ ಕರಗಿದ ಕಬ್ಬಿಣದ ಸರಳಿನದು. ಆರ್‌ಒ ನೀರಿನಲ್ಲಿ ಉಪ್ಪು ಕಡಿಮೆ, ಕರೆಂಟ್ ಸರಿಯಾಗಿ ಹರಿಯುವುದಿಲ್ಲ, ಆದ್ದರಿಂದ ಬಣ್ಣ ಬರುವುದಿಲ್ಲ.

ಹಾಗಾದರೆ ಪರೀಕ್ಷೆ ಎಲ್ಲಿ?

2019ರ ಆಗಸ್ಟ್ 15ರಂದು ಘೋಷಣೆಯಾದ ಜಲಜೀವನ್ ಮಿಷನ್‌ನಡಿ ಪ್ರತಿ ಊರಿನಲ್ಲಿ 5 ಮಹಿಳೆಯರಿಗೆ ಕಿಟ್ ಬಳಸಿ ನೀರು ಪರೀಕ್ಷಿಸುವ ತರಬೇತಿ ಕೊಡಬೇಕೆಂದಿದೆ. ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ. ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯಕ್ಕೂ ನೀರು ಕೊಡಬಹುದು. ಫ್ಲೋರೈಡ್ ಪರೀಕ್ಷೆಗೆ ಒಂದು ಲೀಟರ್ ನೀರನ್ನು ಅದೇ ನೀರಿನಲ್ಲಿ ತೊಳೆದ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿ, ಗಾಜಿನ ಬಾಟಲಿ ಬೇಡ. ರೋಗಾಣು ಪರೀಕ್ಷೆಗಾದರೆ ಪ್ರಯೋಗಾಲಯದವರು ಕೊಡುವ ಬಾಟಲಿಯಲ್ಲೇ ತುಂಬಿಸಿ, ಆದಷ್ಟು ಬೇಗ ತಲುಪಿಸಿ. ಮೊದಲನೆಯದು ವರ್ಷಕ್ಕೆ ಒಮ್ಮೆ, ಎರಡನೆಯದು ಮಳೆಗಾಲಕ್ಕೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ.