ತಂಪಿನ ಲೆಕ್ಕ

ಕಳೆದ ಬೇಸಿಗೆಯಲ್ಲಿ ಕಲಬುರಗಿಯಿಂದ ಬೀದರಿಗೆ ಹೊರಟಿದ್ದೆ. ಏರು ಬಂದೊಡನೆ ಟ್ಯಾಕ್ಸಿ ಚಾಲಕರು ಎ.ಸಿ. ಆರಿಸಿ, "ಇದನ್ನ ಹಾಕಿದ್ರ ಡೀಸೆಲ್ ಭಾಳ ಕುಡೀತದ್ರಿ ಸರ" ಎಂದರು. ತಂತ್ರಜ್ಞಾನದ ಚರಿತ್ರೆ ಓದುವ ನನಗೆ ಅವರು ಒತ್ತಿದ ಆ ಗುಂಡಿಯ ಕಥೆಯೇ ನೆನಪಾಯಿತು.

ಅಮೆರಿಕದ ಪ್ಯಾಕರ್ಡ್ ಕಂಪನಿ 1939ರಲ್ಲಿ, ಮರುವರ್ಷದ ಮಾದರಿಗಳಿಗೆಂದು, ಕಾರಿಗೆ ಎ.ಸಿ. ಅಳವಡಿಸಿ ಮಾರಲು ಮುಂದಾಯಿತು. ಅದರ ಕಂಪ್ರೆಸರ್‌ಗೆ ಕ್ಲಚ್ ಇರಲಿಲ್ಲ. ಎಂಜಿನ್ ತಿರುಗುವಷ್ಟು ಹೊತ್ತೂ ಅದೂ ತಿರುಗುತ್ತಿತ್ತು. ಬೇಡವೆಂದರೆ ಕಾರು ನಿಲ್ಲಿಸಿ, ಬಾನೆಟ್ ತೆರೆದು, ಬೆಲ್ಟ್ ಕಳಚಬೇಕು. ಅಲ್ಲಿಯವರೆಗೆ ತಂಪು ಬೇಡದವರ ಪೆಟ್ರೋಲೂ ಅದಕ್ಕಾಗಿ ಉರಿಯುತ್ತಿತ್ತು. ಮುಂದೆ ವಿದ್ಯುತ್ಕಾಂತದ ಕ್ಲಚ್ ಬಂದ ಮೇಲೆ, ಕೂತಲ್ಲಿಂದಲೇ ಗುಂಡಿ ಒತ್ತಿ ಎಂಜಿನ್ನಿನ ಮೇಲಿನ ಆ ಹೊರೆ ಇಳಿಸುವುದು ಸಾಧ್ಯವಾಯಿತು.

ಆದರೆ ಸರ್ಕಾರಿ ಲೆಕ್ಕ ನಿಧಾನ. ಎ.ಸಿ. ಹಾಕಿಯೇ ನಡೆಸಿದ ಪರೀಕ್ಷೆಯ ಫಲವನ್ನು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಕಾರಿನ ಮೈಲೇಜ್ ಚೀಟಿಯ ಅಂದಾಜಿಗೆ ಸೇರಿಸಿಕೊಂಡದ್ದು 2008ರ ಮಾದರಿಗಳಿಂದ. ಪರೀಕ್ಷೆ ನಡೆಯುವುದು 35 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ.

ನಾವು ಸಂಶೋಧಕರು ಕಡತದಲ್ಲಿ ಇದ್ದದ್ದನ್ನೇ ಚರಿತ್ರೆ ಎಂದುಕೊಳ್ಳುತ್ತೇವೆ. ಯಾವ ಖರ್ಚು ಕಡತಕ್ಕೆ ತಡವಾಗಿ ಬಂತು ಎಂಬುದೂ ಚರಿತ್ರೆಯೇ. ಅದು ಚಾಲಕರ ಜೇಬಿಗೆ ಮೊದಲೇ ಗೊತ್ತಿರುತ್ತದೆ.