ಬೆನ್ನಿನಿಂದ ಇಳಿದ ಮಗು

ಮನೆಗೆ ಹೊಸ ಕೂಸು ಬಂದಾಗ ಎಲ್ಲರ ಕಣ್ಣೂ ತೊಟ್ಟಿಲಿನ ಮೇಲೆ. ಬಾಣಂತಿಯ ಆರೈಕೆ, ನೆಂಟರಿಷ್ಟರ ಓಡಾಟ, ಜ್ಞಾನಸ್ನಾನದ ಸಿದ್ಧತೆ. ಆ ಗಡಿಬಿಡಿಯಲ್ಲಿ ಬಾಗಿಲ ಸಂದಿಯಲ್ಲಿ ಬೆರಳು ಚೀಪುತ್ತಾ ನಿಂತ ಇನ್ನೊಂದು ಮಗುವನ್ನು ನಾವು ಎಷ್ಟು ಸಲ ಗಮನಿಸಿದ್ದೇವೆ? ನಿನ್ನೆಯವರೆಗೆ ತಾಯಿಯ ಮಡಿಲು ಅದರದ್ದಾಗಿತ್ತು. ಅಂಥ ಮಗುವಿನ ಕಡೆಗೆ ತಿರುಗಿ ನೋಡಿದ ಒಬ್ಬ ವೈದ್ಯೆಯನ್ನು, ಡಾಕ್ಟರ್ ಸಿಸಿಲಿ ವಿಲಿಯಮ್ಸ್ ಅವರನ್ನು, ಈ ಸಲ ನೆನೆಯೋಣ.

ಅವರು ಹುಟ್ಟಿದ್ದು 1893ರಲ್ಲಿ, ಜಮೈಕಾ ದ್ವೀಪದಲ್ಲಿ. ಆಕ್ಸ್‌ಫರ್ಡಿನಲ್ಲಿ ವೈದ್ಯಕೀಯದ ಬಾಗಿಲು ಅವರಿಗೆ ತೆರೆದದ್ದು ಒಂದನೆಯ ಮಹಾಯುದ್ಧದ ದೆಸೆಯಿಂದ. ಗಂಡು ವಿದ್ಯಾರ್ಥಿಗಳು ರಣರಂಗಕ್ಕೆ ಹೋಗಿ ತರಗತಿಗಳು ಖಾಲಿಯಾಗಿದ್ದವು. 1923ರಲ್ಲಿ ಅವರು ಓದು ಮುಗಿಸುವ ಹೊತ್ತಿಗೆ ಗಂಡಸರು ಹಿಂದಿರುಗಿದ್ದರು, ಹೆಂಗಸರಿಗೆ ಕೆಲಸ ಸಿಗುವುದು ಕಷ್ಟವಾಗಿತ್ತು. ಲಂಡನ್ನಿನ ಮಕ್ಕಳ ಆಸ್ಪತ್ರೆಯೊಂದರಲ್ಲಿ ದುಡಿದು, 1929ರಲ್ಲಿ ಬ್ರಿಟಿಷ್ ವಸಾಹತು ಸೇವೆಗೆ ಸೇರಿ ಗೋಲ್ಡ್ ಕೋಸ್ಟ್‌ಗೆ, ಅಂದರೆ ಇಂದಿನ ಘಾನಾ ದೇಶಕ್ಕೆ ಹೋದರು. ಹುದ್ದೆಯ ಹೆಸರು ‘ಮಹಿಳಾ ವೈದ್ಯಾಧಿಕಾರಿ’. ಸಂಬಳ ಗಂಡಸರಿಗಿಂತ ಕಡಿಮೆ. ರೋಗಿಗಳ ಸಾಲು ಮಾತ್ರ ಕಡಿಮೆ ಇರಲಿಲ್ಲ!

ಅಕ್ರಾ ನಗರದ ಪ್ರಿನ್ಸೆಸ್ ಮೇರಿ ಲೂಯಿಸ್ ಆಸ್ಪತ್ರೆಯಲ್ಲಿ ಅವರು ಕಂಡ ಮಕ್ಕಳು ಒಂದರಿಂದ ನಾಲ್ಕು ವರ್ಷದವರು. ಕೈಕಾಲು ಊದಿಕೊಂಡಿರುತ್ತಿದ್ದವು. ಚರ್ಮ ಕಪ್ಪಾಗಿ ಸುಲಿಯುತ್ತಿತ್ತು, ಕೂದಲು ಬಣ್ಣಗೆಡುತ್ತಿತ್ತು. ನಗುವುದಿರಲಿ, ಅಳುವುದಕ್ಕೂ ಮನಸ್ಸಿಲ್ಲದ ಮಕ್ಕಳು. ಬಹಳಷ್ಟು ಮಕ್ಕಳು ಸಾಯುತ್ತಿದ್ದರು. ಇವರೆಲ್ಲ ಎದೆಹಾಲು ಬಿಡಿಸಿದ ಮೇಲೆ ಮುಸುಕಿನ ಜೋಳದ ಗಂಜಿಯನ್ನೇ ನೆಚ್ಚಿಕೊಂಡವರು ಎಂಬುದನ್ನು ಗಮನಿಸಿ, 1933ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ವರದಿ ಬರೆದರು. ಲಂಡನ್ನಿನ ಹಿರಿಯ ತಜ್ಞರೊಬ್ಬರು ಒಪ್ಪಲಿಲ್ಲ. ಇದು ನಮಗೆ ಗೊತ್ತಿರುವ ಪೆಲಾಗ್ರ ರೋಗವೇ ಎಂದುಬಿಟ್ಟರು.

ಸಿಸಿಲಿಯವರು ಸುಮ್ಮನಾಗಲಿಲ್ಲ. ಈ ಕಾಯಿಲೆಗೆ ಊರಿನವರೇ ಇಟ್ಟ ಹೆಸರೊಂದಿತ್ತು. ಗಾ ಭಾಷೆಯಲ್ಲಿ ಅದು ಕ್ವಾಷಿಯಾರ್ಕರ್. ಮುಂದಿನ ಕೂಸು ಹುಟ್ಟಿದಾಗ ಪಟ್ಟ ಕಳೆದುಕೊಂಡ ಮಗುವಿಗೆ ಬರುವ ರೋಗ ಎಂದು ಅವರು ಅದರ ಅರ್ಥವನ್ನು ವಿವರಿಸಿದರು. ಆ ನಾಡಿನ ತಾಯಂದಿರು ಮಗುವನ್ನು ಬೆನ್ನಿಗೆ ಕಟ್ಟಿಕೊಂಡೇ ಕೆಲಸ ಮಾಡುವವರು. ಮುಂದಿನ ಕೂಸು ಬಂದೊಡನೆ ಹಿಂದಿನದು ಎದೆಯಿಂದಲೂ ಇಳಿಯಬೇಕು, ಬೆನ್ನಿನಿಂದಲೂ ಇಳಿಯಬೇಕು. ರೋಗ ಯಾರಿಗೆ, ಯಾವಾಗ, ಏಕೆ ಎಂಬುದೆಲ್ಲ ಆ ಒಂದು ಪದದೊಳಗೇ ಇತ್ತು. 1935ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅದೇ ಹೆಸರನ್ನಿಟ್ಟು ಮತ್ತೆ ಬರೆದರು. ಶಾಲೆಯಲ್ಲಿ ನಾವೂ ಈ ಹೆಸರನ್ನು ಉರು ಹೊಡೆದವರೇ. ಯಾವುದೋ ಲ್ಯಾಟಿನ್ ಪದವಿರಬೇಕೆಂದು ಗುರುಮಠ ಸೇರುವವರೆಗೂ ನಂಬಿದ್ದೆವು!

ಆಮೇಲೆ ಲೋಕ ಈ ರೋಗಕ್ಕೆ ಸಸಾರಜನಕದ ಕೊರತೆ ಎಂದು ಚೀಟಿ ಅಂಟಿಸಿತು, ಹಾಲಿನ ಪುಡಿಯ ಮೂಟೆಗಳನ್ನು ಹಡಗಿಗೇರಿಸಿತು. ಸಿಸಿಲಿಯವರು 1933ರಲ್ಲಿ ಬರೆದದ್ದಾದರೋ ಬಹಳ ಎಚ್ಚರದ ಮಾತು: ಅಂಥ ಕೊರತೆಯನ್ನು ತಳ್ಳಿಹಾಕುವಂತಿಲ್ಲ ಎಂದಷ್ಟೇ. ಅದೊಂದೇ ಕಾರಣವಲ್ಲ ಎಂದು ಈಗಿನ ವೈದ್ಯರು ಹೇಳುತ್ತಾರೆ, ಪೂರ್ತಿ ಕಾರಣ ಇಂದಿಗೂ ಚರ್ಚೆಯಲ್ಲಿದೆ. ಪದವನ್ನು ಎತ್ತಿಕೊಂಡವರು ಅದರ ಅರ್ಥವನ್ನು ಅಕ್ರಾದಲ್ಲೇ ಬಿಟ್ಟುಬಂದರೇನೋ ಎಂದು ನಮಗೆ ಅನ್ನಿಸುತ್ತದೆ. ಆ ಅರ್ಥದಲ್ಲಿ ಹಿಟ್ಟು, ಹಾಲು ಮಾತ್ರವಲ್ಲ, ತಾಯಿಯೂ ಇದ್ದಳು.

1936ರಲ್ಲಿ ಅವರಿಗೆ ಮಲಯಾಕ್ಕೆ ವರ್ಗವಾಯಿತು. ಅಲ್ಲಿ ಎದೆಹಾಲಿನ ಬದಲು ಸಕ್ಕರೆ ಬೆರೆತ ಡಬ್ಬಿಹಾಲನ್ನು ಕೂಸುಗಳಿಗೆ ಕೊಡಿಸುವ ವ್ಯಾಪಾರ ಜೋರಾಗಿತ್ತು. 1939ರಲ್ಲಿ ಸಿಂಗಪುರದ ರೋಟರಿ ಕ್ಲಬ್ಬಿನ ಗಣ್ಯರೆದುರು ನಿಂತು, ಇದರಿಂದಾಗುವ ಶಿಶುಮರಣ ಕೊಲೆಯೇ ಎಂದು ನೇರವಾಗಿ ಹೇಳಿದರು. ಭಾಷಣದ ಹೆಸರೇ ‘ಹಾಲು ಮತ್ತು ಕೊಲೆ’. ಆಹ್ವಾನಿಸಿದವರ ಮುಖ ಹೇಗಾಗಿತ್ತೋ!

ಜಪಾನಿ ಸೇನೆ ಸಿಂಗಪುರವನ್ನು ಹಿಡಿದಾಗ ಸಿಸಿಲಿಯವರು ಚಾಂಗಿ ಸೆರೆಮನೆ ಸೇರಿದರು. ಜಪಾನಿ ಸೈನಿಕ ಪೊಲೀಸರ ವಿಚಾರಣೆಯ ಕೋಣೆಯಲ್ಲಿ ತಿಂಗಳುಗಟ್ಟಲೆ ಕಳೆದರು. ಅನ್ನಕ್ಕೇ ತತ್ವಾರವಾದ ಆ ಶಿಬಿರದಲ್ಲಿ 20 ಕೂಸುಗಳು ಹುಟ್ಟಿದವು, 20ಕ್ಕೂ ಎದೆಹಾಲು ಸಿಕ್ಕಿತು, 20ಕ್ಕೆ 20ರೂ ಬದುಕಿದವು ಎಂದು ಮುಂದೆ ಅವರು ಲೆಕ್ಕ ಹೇಳುತ್ತಿದ್ದರು. ಡಬ್ಬಿಹಾಲಿನ ವಿರುದ್ಧ ಅದಕ್ಕಿಂತ ಸಾಕ್ಷಿ ಅವರಿಗೆ ಬೇಕಿರಲಿಲ್ಲ.

1948ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಾಯಿ-ಮಕ್ಕಳ ವಿಭಾಗಕ್ಕೆ ಅವರೇ ಮೊದಲ ಮುಖ್ಯಸ್ಥೆಯಾದರು. ಆಮೇಲೆ ಬೈರೂತಿನಲ್ಲಿ ಪಾಠ ಹೇಳಿದರು. 1992ರಲ್ಲಿ ತೀರಿಕೊಂಡಾಗ ಅವರಿಗೆ 98 ವರ್ಷ. ಅಕ್ರಾದ ಆ ಆಸ್ಪತ್ರೆ ಈಗಲೂ ಮಕ್ಕಳ ಆಸ್ಪತ್ರೆಯಾಗಿಯೇ ನಡೆಯುತ್ತಿದೆ.